ಹಡಗು ನಿಲ್ಲದ ಊರು

ಗ್ರೀಕ್ ಹುಡುಗಿಯೊಬ್ಬಳು ಭಾರತದ ಕಡಲ ದಂಡೆಯ ಒಂದೂರಿನಲ್ಲಿ ಸಿಕ್ಕಿಬಿದ್ದಿದ್ದಾಳೆ. ಅವಳ ಹೆಸರು ಖರಿತಿಯೊನ್; ನಮ್ಮಲ್ಲಿ ಚಾರಿಷನ್ ಎಂದು ಬರೆಯುವವರೂ ಉಂಟು. ಅವಳಿರುವುದು ಚಂದ್ರದೇವಿಯ ಗುಡಿಯಲ್ಲಿ. ಅವಳನ್ನು ಬಿಡಿಸಿಕೊಂಡು ಹೋಗಲು ಅಣ್ಣ ಹಡಗಿನೊಂದಿಗೆ ಬಂದಿದ್ದಾನೆ. ಜೊತೆಗೊಬ್ಬ ವಿದೂಷಕ. ಈ ವಿದೂಷಕನ ಕೈಯಲ್ಲಿ ಕತ್ತಿಯಿಲ್ಲ, ಬಿಲ್ಲಿಲ್ಲ. ಅವನ ಆಯುಧ ಹೂಸು. ಬೇಟೆ ಮುಗಿಸಿ ಬಿಲ್ಲು ಹಿಡಿದು ಬಂದ ಊರ ಹೆಂಗಸರನ್ನು ಅವನು ಓಡಿಸುವುದು ಅದರಿಂದಲೇ. ಕೊನೆಗೆ ಊರ ರಾಜನಿಗೂ ಅವನ ಪರಿವಾರಕ್ಕೂ ನೀರು ಬೆರೆಸದ ದ್ರಾಕ್ಷಾರಸ ಕುಡಿಸುತ್ತಾರೆ. ರಾಜ ಕುಣಿಯುತ್ತಾನೆ, ತೂರಾಡುತ್ತಾನೆ, ಬೀಳುತ್ತಾನೆ. ಬಿದ್ದವರನ್ನು ಗುಡಿಯ ಪಟ್ಟಿಗಳಿಂದಲೇ ಕಟ್ಟಿಹಾಕಿ ಗ್ರೀಕರು ಹಡಗು ಹತ್ತುತ್ತಾರೆ.

ಇಷ್ಟು ಕತೆ. ಈಜಿಪ್ಟಿನ ಆಕ್ಸಿರಿಂಕಸ್ ಎಂಬ ಹಳೆಯ ಪಟ್ಟಣದ ತಿಪ್ಪೆಗಳನ್ನು ಗ್ರೆನ್‌ಫೆಲ್ ಮತ್ತು ಹಂಟ್ ಎಂಬ ಇಬ್ಬರು ವಿದ್ವಾಂಸರು 19ನೇ ಶತಮಾನದ ಕೊನೆಯಲ್ಲಿ ಅಗೆಯತೊಡಗಿದರು. ಅಲ್ಲಿ ಸಿಕ್ಕ ಸಾವಿರಾರು ಪಪೈರಸ್ ಚೂರುಗಳಲ್ಲಿ ಈ ಪ್ರಹಸನವೂ ಇತ್ತು. 1903ರಲ್ಲಿ ಅವರು ಅದನ್ನು ಅಚ್ಚು ಮಾಡಿದಾಗ ಕೊಟ್ಟ ಸಂಖ್ಯೆ 413. ಹಾಳೆ ಕ್ರಿ.ಶ. 2ನೇ ಶತಮಾನದ್ದು ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಓದುವ ಪುಸ್ತಕವಲ್ಲ, ಆಟದ ಮೇಳದವರ ಪ್ರತಿ. ಎಲ್ಲಿ ಚರ್ಮವಾದ್ಯ ಬಾರಿಸಬೇಕು, ಎಲ್ಲಿ ವಿದೂಷಕ ತನ್ನ ಆಯುಧ ಪ್ರಯೋಗಿಸಬೇಕು ಎಂಬ ಗುರುತುಗಳೂ ಅದರಲ್ಲಿವೆ.

ಕನ್ನಡಿಗರಿಗೂ ಇದಕ್ಕೂ ಏನು ಸಂಬಂಧ? ಗ್ರೀಕರು ಗ್ರೀಕಿನಲ್ಲಿ ಮಾತಾಡುವ ಈ ಆಟದಲ್ಲಿ ಊರವರು ಬೇರೊಂದು ಭಾಷೆ ಆಡುತ್ತಾರೆ. ಗ್ರೀಕ್ ಲಿಪಿಯಲ್ಲೇ ಬರೆದ, ಗ್ರೀಕ್ ಅಲ್ಲದ ಮಾತು. 1904ರಲ್ಲಿ ಜರ್ಮನಿಯ ಶಾಸನತಜ್ಞ ಹುಲ್ಷ್ ಅದರಲ್ಲಿ ಕನ್ನಡ ಕಂಡರು. 'ಕೊಂಜೆಯ್' ಎಂಬುದು ಅವರಿಗೆ 'ಕೊಂಚ' ಆಯಿತು. 'ಪೆತ್ರೆಕಿಯೊ' ಎಂಬುದರಲ್ಲಿ 'ಪಾತ್ರಕ್ಕೆ' ಕೇಳಿಸಿತು. ರಾಜ ಕುಡಿಯಲು ಕೂತ ಸಂದರ್ಭ, ಮಾತೂ ಪಾತ್ರೆ, ಮಧುವಿನದೇ. ಎಷ್ಟು ಚೆನ್ನಾಗಿ ಹೊಂದುತ್ತದೆ ನೋಡಿ! 1920ರ ದಶಕದಲ್ಲಿ ಅರ್ಥಶಾಸ್ತ್ರವನ್ನು ಬೆಳಕಿಗೆ ತಂದ ಆರ್. ಶಾಮಾಶಾಸ್ತ್ರಿಗಳು ಹೌದೆಂದರು. ಮಂಜೇಶ್ವರದ ಗೋವಿಂದ ಪೈಗಳೂ ಇದರ ಬೆನ್ನು ಹತ್ತಿದರು. 1926ರಲ್ಲಿ ಲಂಡನ್ನಿನ ಬಾರ್ನೆಟ್ ಇದನ್ನು ಒಪ್ಪದೆ ಲೇಖನ ಬರೆದರು. 1980ರ ದಶಕದಲ್ಲಿ ಇದು ಕನ್ನಡವಲ್ಲ, ತುಳು ಎಂಬ ವಾದವೂ ಬಂತು. ಹಲ್ಮಿಡಿ ಶಾಸನದ ಕಾಲ ಸುಮಾರು ಕ್ರಿ.ಶ. 450. ಈ ಹಾಳೆ ನಮ್ಮದಾದರೆ ಒಮ್ಮೆಗೇ ಸುಮಾರು ಮುನ್ನೂರು ವರ್ಷ ಹಿಂದಕ್ಕೆ ಹೋಗಬಹುದು. ಹಾಗಾಗಿ ಇದು ಬರೀ ಪಂಡಿತರ ಜಗಳವಾಗಿ ಉಳಿಯಲಿಲ್ಲ. ಸ್ಪರ್ಧಾತ್ಮಕ ಪರೀಕ್ಷೆಯ ಗೈಡುಗಳಲ್ಲೂ ಒಂದು ಸಾಲಾಗಿ ಕೂತಿದೆ.

ಪಶ್ಚಿಮ ಕರಾವಳಿಯ ಸಣ್ಣ ಬಂದರುಗಳ ಮೇಲೆ ಸಂಶೋಧನೆ ಮಾಡುತ್ತಿರುವ ನನಗೆ ಎಲ್ಲರೂ ಕೇಳುವ ಪ್ರಶ್ನೆ ಒಂದೇ: 'ಅದು ಕನ್ನಡ ಹೌದೋ ಅಲ್ಲವೋ?'

ನನ್ನ ಅನಿಸಿಕೆ ಹೇಳಿಬಿಡುತ್ತೇನೆ. ಅದನ್ನು ಕನ್ನಡದ ವಾಕ್ಯಗಳೆಂದು ಓದುವುದು ಕಷ್ಟ. ಪಪೈರಸ್‌ನಲ್ಲಿ ಅಕ್ಷರಗಳು ಬಿಡುವಿಲ್ಲದೆ ಒತ್ತಾಗಿ ಬರುತ್ತವೆ. ಎಲ್ಲಿ ಕಡಿಯಬೇಕು ಎಂಬುದು ಓದುವವನ ಕೈಯಲ್ಲಿದೆ. 'ದಮುನ್' ಎಂದಿರುವುದನ್ನು 'ಮಧು' ಎಂದು ಓದಬೇಕಾದರೆ ಅಕ್ಷರಗಳನ್ನು ಹಿಂದುಮುಂದು ಮಾಡಬೇಕು. ಹುಲ್ಷ್ ಓದಿನಲ್ಲಿ 'ಹಾಕಿ' ಎಂಬ ರೂಪ ಬರುತ್ತದೆ. ಆದರೆ ಹಾಲು 'ಪಾಲ್' ಆಗಿದ್ದ ಕಾಲ ಅದು. ಪಕಾರ ಹಕಾರವಾದದ್ದು ಅದಕ್ಕೆ ಎಷ್ಟೋ ಶತಮಾನಗಳ ಈಚೆಗೆ. 2ನೇ ಶತಮಾನದ ರಾಜ ನಮ್ಮ ನಿಮ್ಮ ಹಾಗೆ 'ಹಾಕಿ' ಅನ್ನುವುದು ಹೇಗೆ?

ಹಾಗೆಂದು ಎಲ್ಲವೂ ಬೊಗಳೆ ಎನ್ನಲೂ ಮನಸ್ಸು ಬರುವುದಿಲ್ಲ. ನಮ್ಮ ಕಬ್ಬೂರಿನ ಜಾತ್ರೆಯ ನಾಟಕಗಳಲ್ಲಿ ಒಬ್ಬ ಸಿಪಾಯಿ ಬರುತ್ತಿದ್ದ. ಅವನು ಹಿಂದಿ ಆಡುತ್ತಿದ್ದ, ಅಂದರೆ ಊರವರಿಗೆ ಹಿಂದಿ ಹೇಗೆ ಕೇಳಿಸುತ್ತದೋ ಹಾಗೆ. 'ಕ್ಯಾ', 'ಹೈ', 'ಜಾವ್' ಖರೇ. ನಡುವಿನದೆಲ್ಲ ಬಾಯಿಗೆ ಬಂದದ್ದು. ನಿಪ್ಪಾಣಿ ಕಡೆಯ ವ್ಯಾಪಾರಿ ಪಾತ್ರವಾದರೆ ಮರಾಠಿಗೂ ಅದೇ ಗತಿ. ಮರಾಠಿ ಬಲ್ಲವರು ಮುಂದಿನ ಸಾಲಿನಲ್ಲೇ ಕೂತಿರುತ್ತಿದ್ದರು, ಅವರೇ ಎಲ್ಲರಿಗಿಂತ ಹೆಚ್ಚು ನಗುತ್ತಿದ್ದರು. ಗಡಿನಾಡಿನಲ್ಲಿ ಬೆಳೆದವರಿಗೆ ಇದು ಹೊಸದಲ್ಲ: ಪರಭಾಷೆ ರಂಗದ ಮೇಲೆ ಬಂದಾಗ ಅರ್ಧ ನಿಜ, ಅರ್ಧ ಸದ್ದು. ಗ್ರೀಕ್ ಮೇಳದವನು ನಮ್ಮ ಕಡಲ ಬದಿಗೆ ಬಂದು ಹೋದ ನಾವಿಕನಿಂದ ನಾಲ್ಕು ಶಬ್ದ ಕೇಳಿಸಿಕೊಂಡು ಉಳಿದದ್ದನ್ನು ತುಂಬಿಕೊಂಡಿರಬಹುದು. ಆ ನಾಲ್ಕು ಶಬ್ದ ಕನ್ನಡದವೋ ತುಳುವಿನವೋ ಎಂದು ಕಿತ್ತಾಡುವುದು, ನಮ್ಮ ಸಿಪಾಯಿಯ ಮಾತಿನಿಂದ ಹಿಂದಿ ವ್ಯಾಕರಣ ಬರೆಯಲು ಹೊರಟಂತೆ.

ನನ್ನನ್ನು ಕಾಡಿದ್ದು ಜಾಗದ ಪ್ರಶ್ನೆ. ಊರವರ ಮಾತಿನ ಒಂದು ಉದ್ದನೆಯ ತುಣುಕು 'ಮಲ್ಪಿ' ಎಂಬ ಸದ್ದಿನಿಂದ ಶುರುವಾಗುತ್ತದೆ. ಅದನ್ನು ಹಿಡಿದು, ಇದು ನಡೆದದ್ದು ಉಡುಪಿಯ ಪಕ್ಕದ ಮಲ್ಪೆಯಲ್ಲಿ ಎಂದರು. ಅಲ್ಲಿಂದ ಒಂದೇ ಹೆಜ್ಜೆ: ಮಲ್ಪೆ ಎರಡು ಸಾವಿರ ವರ್ಷದ ಹಿಂದೆಯೇ ಗ್ರೀಕರ ಹಡಗು ಬಂದು ನಿಲ್ಲುತ್ತಿದ್ದ ಅಂತಾರಾಷ್ಟ್ರೀಯ ಬಂದರು! ಉಡುಪಿ ಎಂದರೆ ಉಡುಗಳ ಒಡೆಯ, ಅಂದರೆ ಚಂದ್ರ. ಆದ್ದರಿಂದ ಚಂದ್ರದೇವಿಯ ಗುಡಿಯೂ ಅಲ್ಲೇ ಎಂದು ಸೇರಿಸುವವರಿದ್ದಾರೆ. ನಮ್ಮ ಚಂದ್ರ ಗಂಡು, ಗ್ರೀಕರ ಸೆಲೀನೆ ಹೆಣ್ಣು ಎಂಬುದನ್ನು ಅವರು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ನಾಟಕವನ್ನೇ ಸರಿಯಾಗಿ ನೋಡಿದರೆ ಅದು ದೊಡ್ಡ ಬಂದರಿನ ಕತೆಯೇ ಅಲ್ಲ. ದೊಡ್ಡ ಬಂದರಿನಲ್ಲಿ ದುಭಾಷಿಗಳಿರುತ್ತಾರೆ, ದಲ್ಲಾಳಿಗಳಿರುತ್ತಾರೆ, ಗ್ರೀಕ್ ದ್ರಾಕ್ಷಾರಸ ಕುಡಿದು ಪಳಗಿದವರಿರುತ್ತಾರೆ. ಇಲ್ಲಿ ಊರವರು ಏನು ಹೇಳುತ್ತಿದ್ದಾರೆಂದು ವಿದೂಷಕ ಪಕ್ಕದವನನ್ನು ಕೇಳಬೇಕು. ರಾಜನಿಗೆ ಆ ಪೇಯದ ಖದರು ಗೊತ್ತಿಲ್ಲ. ಹಡಗು ಮಾಮೂಲಾಗಿ ಬರುವ ಜಾಗವಾಗಿದ್ದರೆ ಖರಿತಿಯೊನ್ ಯಾವುದೋ ಒಂದನ್ನು ಹತ್ತಿ ಎಂದೋ ಹೋಗಿರುತ್ತಿದ್ದಳು. ಕತೆ ನಡೆಯಬೇಕಾದರೆ ಹಡಗು ನಿಲ್ಲದ ಊರೇ ಬೇಕು. ಅಷ್ಟಕ್ಕೂ ಕತೆಯ ಹಂದರ ಯೂರಿಪಿಡೀಸನದು. ಅವನ ಇಫಿಜೀನಿಯಾ ಕಪ್ಪು ಸಮುದ್ರದ ದಂಡೆಯ ದೇವಿಗುಡಿಯಲ್ಲಿ ಹೀಗೇ ಸಿಕ್ಕಿಬಿದ್ದಿರುತ್ತಾಳೆ, ಅವಳನ್ನೂ ಅಣ್ಣತಮ್ಮನ ಸಂಬಂಧವೇ ಬಿಡಿಸುತ್ತದೆ. ಕುಡಿಸಿ ಕೆಡವುವ ಉಪಾಯ ಒಡಿಸ್ಯೂಸ್ ಒಕ್ಕಣ್ಣ ರಾಕ್ಷಸನ ಗುಹೆಯಲ್ಲಿ ಮಾಡಿದ್ದು. ನೋಡುವವರಿಗೆಲ್ಲ ಗೊತ್ತಿದ್ದ ಹಳೆಯ ಸರಕನ್ನು, ದೂರದ ಕೊನೆ ಎಂದು ಆಗ ಅನಿಸುತ್ತಿದ್ದ ಕಡಲ ಬದಿಗೆ ತಂದು ಇಳಿಸಿದ್ದಾರೆ.

ಆ ಕಾಲದ ಗ್ರೀಕ್ ವ್ಯಾಪಾರಿಗಳ ಕೈಪಿಡಿಯೊಂದಿದೆ, 'ಎರಿತ್ರಿಯನ್ ಸಮುದ್ರದ ಪೆರಿಪ್ಲಸ್'. ಕ್ರಿ.ಶ. 1ನೇ ಶತಮಾನದ್ದು. ಭರೂಚದ ಬಂದರಿನ ಬಗ್ಗೆ ಅದರಲ್ಲಿ ಪುಟಗಟ್ಟಲೆ ಇದೆ: ಭರತ ಇಳಿತ, ದಾರಿ ತೋರಿಸುವ ದೋಣಿ, ಯಾವ ಸರಕಿಗೆ ಗಿರಾಕಿ. ಕೇರಳದ ಮುಜಿರಿಸ್‌ನ ಮೆಣಸಿನ ಬಗ್ಗೆಯೂ ಅಷ್ಟೇ. ನಡುವೆ ನಮ್ಮ ಕರಾವಳಿ ಬಂದಾಗ ಬರೆದವನು ಹಾಯಿ ಬಿಚ್ಚಿ ಓಡುತ್ತಾನೆ. ಒಂದಷ್ಟು ದ್ವೀಪಗಳ ಹೆಸರು, ಅಲ್ಲಿ ಕಡಲ್ಗಳ್ಳರಿದ್ದಾರೆ ಎಂಬ ಎಚ್ಚರಿಕೆ, ಆಮೇಲೆ 'ಬಿಳಿ ದ್ವೀಪ', ಅದಾದ ಮೇಲೆ ನೇರ ಲಿಮಿರಿಕೆಯ ಪೇಟೆಗಳು. ಪ್ಲಿನಿ ಇನ್ನೂ ಸ್ಪಷ್ಟ: ಕೆಂಪು ಸಮುದ್ರದ ಬಾಯಿಯ ಓಕೆಲಿಸ್‌ನಿಂದ ಮಾನ್ಸೂನ್ ಗಾಳಿ ಹಿಡಿದರೆ 40 ದಿನಕ್ಕೆ ಮುಜಿರಿಸ್, ಹತ್ತಿರದಲ್ಲೇ ನಿತ್ರಿಯಾಸ್‌ನ ಕಡಲ್ಗಳ್ಳರು, ಹುಷಾರ್. ಟಾಲೆಮಿಯ ಭೂಗೋಳದಲ್ಲಿ ಈ ತುಂಡು ಕರಾವಳಿಯ ಹೆಸರೇ ಕಡಲ್ಗಳ್ಳರದು. ಸಮುದ್ರ ಸೀಳಿ ನೇರ ಕೇರಳಕ್ಕೆ ಹೋಗಲು ಬಂದ ಮೇಲೆ ನಮ್ಮ ಅಳಿವೆಗಳಲ್ಲಿ ಲಂಗರು ಹಾಕುವ ದರ್ದು ಗ್ರೀಕರಿಗೆ ಇರಲಿಲ್ಲ.

ಇಲ್ಲೊಂದು ವಿಚಿತ್ರ ಹೇಳಬೇಕು. ಗ್ರೀಕರ ಸಮುದ್ರದೇವತೆಯ ಮೂರ್ತಿಯನ್ನು ನಾನು ಮೊದಲು ನೋಡಿದ್ದು ಯಾವ ಕಡಲ ತೀರದಲ್ಲೂ ಅಲ್ಲ, ಕೊಲ್ಹಾಪುರದಲ್ಲಿ. ನಮ್ಮ ಕಡೆಯವರು ಅಂಬಾಬಾಯಿಗೆ, ಜೋತಿಬಾಗೆ, ದವಾಖಾನೆಗೆ ಎಂದು ಹೋಗುವ ಊರು. ಅಲ್ಲಿನ ಟೌನ್ ಹಾಲ್ ಮ್ಯೂಸಿಯಮ್ಮಿನಲ್ಲಿ ಪೊಸೈಡನ್ನನ ಪುಟ್ಟ ಕಂಚಿನ ಮೂರ್ತಿ ಇದೆ. 1940ರ ದಶಕದಲ್ಲಿ ಪಂಚಗಂಗೆಯ ದಂಡೆಯ ಬ್ರಹ್ಮಪುರಿ ದಿಬ್ಬದಲ್ಲಿ ಕಂಚಿನ ಪಾತ್ರೆಗಳ ಜೊತೆ ಸಿಕ್ಕಿದ್ದು. ಬೆಂಗಳೂರಿನ ಯಶವಂತಪುರದಲ್ಲಿ ರೋಮನ್ ಬೆಳ್ಳಿ ನಾಣ್ಯಗಳ ಗಂಟು ಸಿಕ್ಕಿತು. ಚಿತ್ರದುರ್ಗದ ಚಂದ್ರವಳ್ಳಿಯಲ್ಲೂ ರೋಮನ್ ನಾಣ್ಯ ಸಿಕ್ಕವು. ಎಲ್ಲವೂ ಘಟ್ಟದ ಮೇಲೆ! ಕೊಲ್ಹಾಪುರದ ಸರಕು ಕೊಂಕಣದ ಬಂದರುಗಳಲ್ಲಿ ಇಳಿದು ಎತ್ತಿನ ಬೆನ್ನೇರಿ ಬಂದಿರಬೇಕು. ಹಣ ಇದ್ದ ಕಡೆ ಸಾಮಾನು ಹೋಗುತ್ತದೆ. ಗ್ರೀಕ್ ನಾಟಕದಲ್ಲಿ ಮಾತಾಡಿತು ಎನ್ನುವ ಕರಾವಳಿ ತುಂಡಿಗಿಂತ, ಅದರಲ್ಲಿ ಸುದ್ದಿಯೇ ಇಲ್ಲದ ನಮ್ಮ ಎರೆನಾಡಿನಲ್ಲಿ ಗ್ರೀಕ್-ರೋಮನ್ ವಸ್ತು ಹೆಚ್ಚು.

ಹಾಗಾದರೆ ಹಡಗು ನಿಲ್ಲದ ಊರು ಹೇಗಿರುತ್ತದೆ? ಅದನ್ನು ನೋಡಬೇಕೆಂದು ಹೊರಟೆ. ಚಿಕ್ಕೋಡಿಯಿಂದ ಹುಬ್ಬಳ್ಳಿ, ಅಲ್ಲಿಂದ ರಾತ್ರಿ ಬಸ್ಸು, ಬೆಳಿಗ್ಗೆ ಉಡುಪಿ. ಮಲ್ಪೆಗೆ ಹೋದೆ, ನೋಡಿದೆ. ದೊಡ್ಡ ಮೀನುಗಾರಿಕಾ ಬಂದರು, ಐಸು, ಲಾರಿ, ಡೀಸೆಲ್ ವಾಸನೆ, ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗುವ ಪ್ರವಾಸಿಗರ ಸಾಲು. ನನಗೆ ಬೇಕಾದದ್ದು ಅಲ್ಲಿರಲಿಲ್ಲ. ಉತ್ತರಕ್ಕೆ ಹೂಡೆಯ ಮೇಲೆ ಹಾಯ್ದು ಕೋಡಿಬೆಂಗ್ರೆಗೆ ಹೋದೆ.

ಬೆಂಗ್ರೆ ಎಂದರೆ ಹೊಳೆಗೂ ಕಡಲಿಗೂ ನಡುವೆ ಬಿದ್ದ ಮರಳಿನ ಪಟ್ಟಿ. ಕೋಡಿ ಎಂದರೆ ತುದಿ. ನಮ್ಮ ಚಿಕ್ಕೋಡಿ, ಹಿರೇಕೋಡಿಗಳ 'ಕೋಡಿ'ಗೆ ಒಗ್ಗಿದ ಕಿವಿಗೆ ಕಡಲಿನ ನಡುವೆ ಅದೇ ಶಬ್ದ ಕೇಳಿ ಒಂದು ಕ್ಷಣ ಮನೆಗೆ ಬಂದಂತಾಯಿತು. ದಾರಿ ಮುಂದೆ ಹೋದಂತೆ ನೆಲ ಸಣ್ಣದಾಗುತ್ತದೆ. ಎಡಕ್ಕೆ ಅರಬ್ಬೀ ಸಮುದ್ರ, ಬಲಕ್ಕೆ ಸುವರ್ಣೆ, ನಡುವೆ ಒಂದು ರಸ್ತೆ, ಒಂದು ಸಾಲು ಮನೆ, ತೆಂಗು. ತುದಿಯಲ್ಲಿ ಸೀತಾ ಮತ್ತು ಸುವರ್ಣಾ ಎರಡೂ ಸೇರಿ ಅಳಿವೆಯಲ್ಲಿ ಕಡಲಿಗೆ ಬೀಳುತ್ತವೆ. ಆಚೆ ದಡದಲ್ಲಿ ಹಂಗಾರಕಟ್ಟೆ. ಕಡಲ ಬದಿಗೆ ಕಲ್ಲುಬಂಡೆಗಳ ತಡೆಗೋಡೆ, ಹೊಳೆ ಬದಿಗೆ ಕಟ್ಟಿಹಾಕಿದ ನಾಡದೋಣಿಗಳು. ಬಯಲುಸೀಮೆಯವರಿಗೆ ಊರು ಎಂದರೆ ಅಗಸಿ, ನಡುವೆ ಗುಡಿ, ಸುತ್ತ ಹೊಲ. ಇಲ್ಲಿ ಊರಿಗೆ ಸುತ್ತ ಎಂಬುದೇ ಇಲ್ಲ, ಉದ್ದ ಮಾತ್ರ.

ಮನೆಯೆದುರು ಮೀನು ಒಣಹಾಕುತ್ತಿದ್ದ ಹಿರಿಯರೊಬ್ಬರ ಹತ್ತಿರ ಹೋಗಿ ಕೇಳಿದೆ: "ಅಮ್ಮಾರ, ಇಲ್ಲಿ ಮೊದಲ ದೊಡ್ಡ ದೊಡ್ಡ ಹಡಗ ಬಂದ ನಿಲ್ತಿದ್ದೂ ಏನ್ರಿ?"

ಅವರು ನನ್ನ ಮುಖ ನೋಡಿದರು. "ನಿಮ್ದ್ ಯಾವೂರ್ ಮಾರಾಯ್ರೆ? ನಿಮ್ಮ ಮಾತ್ ನಂಗ್ ಅರ್ಥ ಆತಿಲ್ಲೆ."

"ಚಿಕ್ಕೋಡಿ ಕಡೇರಿ, ಬೆಳಗಾಂವಿ."

ಪಕ್ಕದಲ್ಲಿ ಬಲೆ ಬಿಚ್ಚುತ್ತಿದ್ದ ಹುಡುಗ ನನ್ನ ಕನ್ನಡವನ್ನು ಅವರ ಕನ್ನಡಕ್ಕೆ ತಿರುಗಿಸಿ ಹೇಳಿದ. ಅವರಿಗೆ ನಗು ಬಂತು. "ಹಡ್ಗಾ? ಇಲ್ಲ್ ಎಂತಕ್ ನಿಲ್ಕ್?" ಎಂದವರು ಮೀನು ತಿರುವಿಹಾಕಿದರು.

ಆಮೇಲೆ ಆ ಹುಡುಗನೇ ತುದಿಯವರೆಗೆ ಬಂದ. ಮನೆಯಲ್ಲಿ ಒಂದು ಮಾತು, ಪೇಟೆಯಲ್ಲಿ ಒಂದು, ದೋಣಿಯಲ್ಲಿ ಯಾರಿದ್ದಾರೋ ಅವರದು ಎಂದ. ಕುಂದಾಪ್ರ ಕನ್ನಡ, ತುಳು, ಕೊಂಕಣಿ ಎಲ್ಲ ಒಂದೇ ದಿನದಲ್ಲಿ ಅವನ ಬಾಯಿಂದ ಬಂದು ಹೋಗುತ್ತವೆ. ಎರಡು ಸಾವಿರ ವರ್ಷದ ಹಿಂದೆ ಇಂಥ ತುದಿಯೊಂದರಲ್ಲಿ ಕೇಳಿಸಿದ ಮಾತನ್ನು ಯಾವುದಾದರೂ ಒಂದೇ ಭಾಷೆಯ ಖಾತೆಗೆ ಬರೆಯಬೇಕು ಎಂದು ಹಟ ಹಿಡಿದವರು ನಾವು, ಘಟ್ಟದ ಮೇಲಿನವರೂ ವಿಶ್ವವಿದ್ಯಾಲಯದವರೂ. ಅಳಿವೆಯ ಮರಳನ್ನು ತೋರಿಸಿ ಹುಡುಗ, ತಾನು ಸಣ್ಣವನಿದ್ದಾಗ ದಂಡೆ ಇಲ್ಲಿರಲಿಲ್ಲ, ಅಲ್ಲಿತ್ತು ಎಂದು ನೀರಿನ ಕಡೆ ಬೆರಳು ಮಾಡಿದ. ಪ್ರತಿ ಮಳೆಗಾಲಕ್ಕೂ ಕಡಲು ಒಂದು ಕಡೆ ತಿನ್ನುತ್ತದೆ, ಹೊಳೆ ಇನ್ನೊಂದು ಕಡೆ ತಂದು ಹಾಕುತ್ತದೆ. ಇಂಥ ನೆಲದಲ್ಲಿ ಗುಡಿಯೊಂದಿದ್ದರೆ, ಮಡಕೆ ಒಡೆದಿದ್ದರೆ, ನಾಣ್ಯ ಬಿದ್ದಿದ್ದರೆ ಅದು ಈಗ ಎಲ್ಲಿರಬೇಕು? ಬ್ರಹ್ಮಪುರಿಯಂಥ ದಿಬ್ಬ ಇಲ್ಲಿ ಏಳುವುದೇ ಇಲ್ಲ. ಪುರಾತತ್ವದವರಿಗೆ ಏನೂ ಸಿಗಲಿಲ್ಲ ಎಂಬುದರಿಂದ ಯಾರೂ ಇರಲಿಲ್ಲ ಎಂದು ತೀರ್ಮಾನಿಸಲು ಆಗುವುದಿಲ್ಲ. ಹಾಗೆಯೇ ಅಲ್ಲೊಂದು ಮಹಾಬಂದರು ಮುಳುಗಿದೆ ಎಂದು ಕಲ್ಪಿಸಿಕೊಳ್ಳಲೂ ಅದು ರಹದಾರಿಯಲ್ಲ.

ಹೊಳೆ ದಾಟಿ ಹಂಗಾರಕಟ್ಟೆಗೆ ಹೋದರೆ ಒಳಗಡೆ ಬಾರಕೂರು. ಇತಿಹಾಸದಲ್ಲಿ ನಿಜವಾಗಿಯೂ ಹಡಗುಗಳನ್ನು ನಿಲ್ಲಿಸಿದ ಊರು ಅದು. 'ನಿಲ್ಲಿಸಿದ' ಎಂಬ ಮಾತನ್ನು ಬೇಕೆಂದೇ ಬಳಸುತ್ತಿದ್ದೇನೆ. 1340ರ ದಶಕದಲ್ಲಿ ಇಬ್ನ್ ಬತೂತ ಈ ದಾರಿಯಲ್ಲಿ ಬಂದ. ಮಹಮ್ಮದ್ ಬಿನ್ ತುಘಲಕ್‌ನ ರಾಯಭಾರಿಯಾಗಿ ಚೀನಕ್ಕೆ ಹೊರಟಿದ್ದವನು. ಹೊನ್ನಾವರ ದಾಟಿ ಅವನು ಕಂಡ 'ಫಾಕನೂರ್' ನಮ್ಮ ಬಾರಕೂರು. ಅಲ್ಲಿ ಕಬ್ಬು ಹೇರಳ, ಅಂಥ ಕಬ್ಬು ಆ ಸೀಮೆಯಲ್ಲಿ ಬೇರೆಲ್ಲೂ ಇಲ್ಲ ಎಂದು ಅವನು ಬರೆದದ್ದನ್ನು ಕಬ್ಬಿನ ನಾಡಿನಿಂದ ಬಂದ ನಾನು ಸ್ವಲ್ಪ ಹೊಟ್ಟೆಕಿಚ್ಚಿನಿಂದಲೇ ಓದಿದ್ದೇನೆ. ಅಲ್ಲಿನ ಅರಸನ ಹೆಸರನ್ನು ಅವನು 'ಬಾಸದೇವ' ಎಂಬಂತೆ ಬರೆಯುತ್ತಾನೆ. ಅವನಿಗೆ ಸುಮಾರು 30 ಯುದ್ಧನಾವೆ. ಅವುಗಳ ನಾಯಕ ಲೂಲಾ, ಬತೂತನ ಪ್ರಕಾರ ವ್ಯಾಪಾರಿಗಳನ್ನು ದೋಚುವ ಕಡಲ್ಗಳ್ಳ. ಈ ದಂಡೆಯ ಪದ್ಧತಿಯನ್ನೂ ಅವನು ವಿವರಿಸುತ್ತಾನೆ: ಊರಿನ ಮುಂದೆ ಹಾಯುವ ಪ್ರತಿ ಹಡಗೂ ಲಂಗರು ಹಾಕಿ ಅರಸನಿಗೆ ಕಾಣಿಕೆ ಕೊಡಬೇಕು, ಅದು ಬಂದರಿನ ಹಕ್ಕು. ಕೊಡದೆ ಹೋದರೆ ಇವರ ನಾವೆಗಳು ಬೆನ್ನಟ್ಟಿ ಹಿಡಿದು ತಂದು, ದುಪ್ಪಟ್ಟು ವಸೂಲಿ ಮಾಡಿ, ಮನಸ್ಸು ಬಂದಷ್ಟು ದಿನ ಕೂಡಿಸಿಕೊಳ್ಳುತ್ತವೆ.

ಇದನ್ನು ಓದಿದ ಮೇಲೆ ಪೆರಿಪ್ಲಸ್‌ನ, ಪ್ಲಿನಿಯ, ಟಾಲೆಮಿಯ ಕಡಲ್ಗಳ್ಳರು ನನಗೆ ಬೇರೆಯಾಗಿ ಕಾಣತೊಡಗಿದರು. ಕಾಲ ಬೇರೆ, ಸಾವಿರಕ್ಕೂ ಹೆಚ್ಚು ವರ್ಷದ ಅಂತರವಿದೆ, ಒಂದರಿಂದ ಇನ್ನೊಂದನ್ನು ಸಾಬೀತು ಮಾಡಲು ಬರುವುದಿಲ್ಲ. ಆದರೆ ನಿಲ್ಲದೆ ಹೋಗುವ ಹಡಗಿನವನು ಕಳ್ಳತನ ಎಂದದ್ದನ್ನು ದಂಡೆಯವನು ಸುಂಕ ಎನ್ನುತ್ತಿದ್ದ ಎಂಬುದಕ್ಕೆ ಬತೂತನಿಗಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. ಒಂದೇ ಬರಹದಲ್ಲಿ ಎರಡೂ ಶಬ್ದ ಬಳಸಿದ್ದಾನೆ. ಅದೇ ಅರಸ ತನ್ನ ಮಗನನ್ನು ಒತ್ತೆಯಾಗಿ ಹಡಗಿಗೆ ಕಳಿಸಿ, ಇವರನ್ನು ಇಳಿಸಿಕೊಂಡು ಮೂರು ದಿನ ಊಟೋಪಚಾರ ಮಾಡಿದ್ದನ್ನೂ ಅವನು ಮರೆತಿಲ್ಲ. ದಿಲ್ಲಿಯ ಸುಲ್ತಾನನ ಮೇಲಿನ ಗೌರವಕ್ಕೆ, ಜೊತೆಗೆ ಹಡಗಿನವರ ಹತ್ತಿರ ಒಂದಿಷ್ಟು ವ್ಯಾಪಾರವೂ ಆಗಲಿ ಎಂದು.

ನಮ್ಮ ಕರಾವಳಿಯ ಬಗ್ಗೆ ಉಳಿದಿರುವ ಹಳೆಯ ಪರದೇಶಿ ಬರಹಗಳು ಹೆಚ್ಚಾಗಿ ಹಡಗಿನ ಮೇಲಿಂದ ನೋಡಿದವು. ಪ್ರಹಸನವೂ ಹಾಗೆಯೇ: ಕುಡುಕ ರಾಜ, ಕೂಗಾಡುವ ಜನ, ತಿಳಿಯದ ಭಾಷೆ. ಅದರಲ್ಲಿ ಕನ್ನಡ ಹುಡುಕಿ ಹೆಮ್ಮೆ ಪಡುವಾಗ, ನಾವು ಯಾರ ನಗೆಗೆ ಸರಕಾಗಿದ್ದೇವೆ ಎಂಬುದನ್ನು ನೋಡಿದವರು ಕಡಿಮೆ. ಆದರೂ ಆ ಆಟದಲ್ಲಿ ಒಂದು ಕಡೆ ಮಾತ್ರ ದಂಡೆಯ ನೋಟ ಇಣುಕುತ್ತದೆ. ಹೊರಡುವ ಮುಂಚೆ ಗುಡಿಯಲ್ಲಿ ದೇವಿಗೆ ಬಂದ ಕಾಣಿಕೆಗಳನ್ನು ಎತ್ತಿಕೊಂಡು ಹೋಗೋಣ ಎಂದು ವಿದೂಷಕ ಆಸೆಪಡುತ್ತಾನೆ. ಖರಿತಿಯೊನ್ ತಡೆಯುತ್ತಾಳೆ. ಪಾರಾಗಲು ದೇವರ ದಯೆ ಬೇಕಾದವರು ದೇವರದ್ದನ್ನು ಕದ್ದು ಹೋಗಬಾರದು ಎನ್ನುವುದು ಅವಳ ವಾದ. ಕೊನೆಗೆ ಹಡಗು ಬಿಡುವ ಹೊತ್ತಿಗೆ ಅವಳು ಬೇಡಿಕೊಳ್ಳುವುದೂ ತನ್ನನ್ನು ಇಷ್ಟು ದಿನ ಇಟ್ಟುಕೊಂಡಿದ್ದ ಆ ಪರವೂರಿನ ಗುಡಿಯ ದೇವಿಯನ್ನೇ, ನಿನ್ನ ಸೇವಕಿಯನ್ನು ಕಾಪಾಡು ಎಂದು.